ಗರ್ನಾಲು

ಪೊಕ್ಕರ್ ಪೈರಿನ ಸೂಡಿಯನ್ನು ಮೊಣಕಾಲಿನಿಂದ ಅದುಮಿ, ಹುಲ್ಲುಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಎಡಗೈಗೆ ಇನ್ನೂ ಬ್ಯಾಂಡೇಜು. ನೆಕ್ರಾಜೆಯ ಗದ್ದೆಗಳಲ್ಲಿ ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಅರ್ಧ ಮುಗಿದಿತ್ತು. ಹರಿನಾಥ ಬದುವಿನಲ್ಲೇ ನಿಂತ. ಶೂ ಹಾಕಿಕೊಂಡು ಬಂದಿದ್ದ.

ಕೋವಿ ಹರಿನಾಥನದು. ಬೆಳೆ ಕಾಯಲೆಂದು ಅಪ್ಪನಿಗೆ ಸಿಕ್ಕಿದ್ದ ಲೈಸನ್ಸು ಅವನ ಹೆಸರಿಗೆ ಬಂದಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಹರಿನಾಥ ಒಂದು ಹಂದಿಗೂ ಗುರಿಯಿಟ್ಟವನಲ್ಲ. ಯಾರ ಗದ್ದೆಗೆ ಹಂದಿ ಇಳಿಯಿತೋ ಅವರು ಬಂದು ಒಯ್ಯುವುದು, ಬೆಳಗ್ಗೆ ಒರೆಸಿ ತಂದಿಡುವುದು. ಏಣಿ, ಹಾರೆ ಒಯ್ದ ಹಾಗೆ. ಹಳೆಯದನ್ನು ಬಿಟ್ಟು ಹೊಸ ಕೋವಿ ಕೊಂಡ ಮೇಲೂ ಅದೇ ರೂಢಿ. ಪೊಕ್ಕರನ ಕೈಯಲ್ಲಿ ಅದರ ನಳಿಗೆಯೇ ಸಿಡಿದು ಎರಡು ಬೆರಳು ಹೋದವು.

ಲಾಯರ್ ಉದಯಶಂಕರ ನಿನ್ನೆ ಹರಿನಾಥನಿಗೆ ಬಿಡಿಸಿ ಹೇಳಿದ್ದ. ನಳಿಗೆಯ ಉಕ್ಕೇ ದೋಷದ್ದು. ಮಾಡಿದ ಕಂಪೆನಿ ಪರಿಹಾರ ಕೊಡಲೇಬೇಕು. ಆದರೆ ಕೋರ್ಟು ಮೊದಲು ಕೇಳುವುದು, ಲೈಸನ್ಸಿಲ್ಲದವನಿಗೆ ಕೋವಿ ಕೊಟ್ಟವರು ಯಾರೆಂದು. ಹರಿನಾಥನಿಗೆ ಜೈಲಾದೀತು. ಕೆಲಸವಂತೂ ಹೋಗುತ್ತದೆ.

ದಾರಿಯುದ್ದಕ್ಕೂ ಅವನು ಒಂದು ವಾಕ್ಯ ಜೋಡಿಸಿಕೊಂಡಿದ್ದ: ಕೊಟ್ಟದ್ದು ನಾನೇ ಎಂದು ಒಪ್ಪಿಕೊಳ್ಳುತ್ತೇನೆ, ನೀವು ಕೇಸು ಹಾಕಿ.

"ಪೊಕ್ಕರಿಚ್ಚ, ಕಂಪೆನಿಯಿಂದ ಪರಿಹಾರ ಉಂಟಂತೆ."

"ಎಂತ ಕಂಪೆನಿ?"

"ಕೋವಿಯದ್ದು."

ಪೊಕ್ಕರ್ ಹಗ್ಗವನ್ನು ಬಾಯಿಂದ ಬಿಟ್ಟ. "ಕೋವಿ ಎಲ್ಲಿತ್ತು ಮಾಷ್ಟ್ರೆ? ಹಂದಿ ಓಡಿಸ್ಲಿಕ್ಕೆ ಹೊತ್ತಿಸಿದ ಗರ್ನಾಲು ಕೈಯಲ್ಲೇ ಸಿಡೀತು. ಆಸ್ಪತ್ರೆಯಲ್ಲಿ ಹಾಗೆಯೇ ಹೇಳಿದ್ದು, ಪೋಲೀಸಿನವರಿಗೂ ಅದೇ." ಆಮೇಲೆ ಸಣ್ಣಗೆ ನಕ್ಕ. "ಹಂದಿಗೆ ಎಂತದೂ ಆಗ್ಲಿಲ್ಲ ನೋಡಿ, ಅದೊಂದು ಬೇಜಾರು."

ಹರಿನಾಥನ ಎದೆ ತುಂಬಿ ಬಂತು. ಈ ಮನುಷ್ಯನ ಕಾಲು ಮುಟ್ಟಬೇಕೆನಿಸಿತು. ಪೊಕ್ಕರ್ ತಾನಾಗಿ ಪರಿಹಾರದ ಮಾತು ಎತ್ತಿದರೆ ಜೋಡಿಸಿದ ವಾಕ್ಯ ಹೇಳಿಯೇಬಿಡುವುದೆಂದುಕೊಂಡ. ಪೊಕ್ಕರ್ ಎತ್ತಲಿಲ್ಲ. ಎತ್ತದಿದ್ದುದಕ್ಕೂ ಹರಿನಾಥನಿಗೆ ಕೃತಜ್ಞತೆಯೇ ಉಕ್ಕಿತು.

"ನಿಮ್ಮ ಉಪಕಾರ..."

"ನಿಲ್ಲಿ, ಚಾ ಮಾಡ್ಲಿಕ್ಕೆ ಹೇಳ್ತೇನೆ," ಎಂದು ಪೊಕ್ಕರ್ ಮನೆಯ ಕಡೆ ನಡೆದ. ಕೊಯ್ಯುವ ಹೆಂಗಸರು ಆಗಲೇ ಹೋಗಿಯಾಗಿತ್ತು.

ಬೆಳಕು ಕಂದುತ್ತಿತ್ತು. ಕೊಯ್ಯದೆ ಉಳಿದ ಪೈರು ಅಲುಗಾಡಿತು. ಹಂದಿ. ಒಂದೇ ಒಂದು, ದೊಡ್ಡದು. ಹರಿನಾಥ ಜೋರಾಗಿ ಚಪ್ಪಾಳೆ ತಟ್ಟಿದ. ಅದು ತಲೆಯೆತ್ತಿ ಅವನನ್ನು ನೋಡಿತು. ನೋಡಿ, ಮತ್ತೆ ಮೂತಿ ತಗ್ಗಿಸಿ ತೆನೆ ಜಗಿಯತೊಡಗಿತು.

ತಟ್ಟಿದ ಕೈಗಳು ಬೇರ್ಪಡಲಿಲ್ಲ. ಅದರ ಎದುರು ಹಾಗೆಯೇ ಕೈಮುಗಿದುಕೊಂಡು ಅವನು ನಿಂತೇ ಇದ್ದ.