ಬಿಳಿ ಕಲ್ಲು ಕಟ್ಟಿದ ಕಿಟ್ಲಿ

"ಮಾಮಾ, ಅತ್ಯಾ ಏಳವಲ್ಲಳು," ಎಂದು ದೀಪಕ ಫೋನಿನಲ್ಲಿ ಅಂದಾಗ ಪಂಢರೀನಾಥರು ಚಹಕ್ಕೆ ನೀರಿಟ್ಟಿದ್ದರು.

ಹೆಂಡತಿ ವಿಮಲಾಬಾಯಿ ಎರಡು ದಿನಕ್ಕೆಂದು ತವರಿಗೆ, ಕಮತಗಿಗೆ ಹೋಗಿದ್ದಳು. ದೀಪಕ ಅವಳ ಅಣ್ಣನ ಮಗ. ಏಳವಲ್ಲಳು ಎಂದರೇನೆಂದು ಕೇಳದೆ ಪಂಢರೀನಾಥರು ಫೋನಿಟ್ಟರು. ಮುಂಬಾಗಿಲಿಗೆ ಕೀಲಿ ಹಾಕಿದರು, ಎರಡು ಸಲ ಜಗ್ಗಿ ನೋಡಿದರು, ಬದಾಮಿಯ ಬಸ್‌ಸ್ಟ್ಯಾಂಡಿಗೆ ನಡೆದರು. ಹಿಂಬಾಗಿಲು ತೆರೆದೇ ಇತ್ತು. ಗ್ಯಾಸು ಉರಿಯುತ್ತಲೇ ಇತ್ತು. ಹಾಲು ಹಾಕುವ ಸೋಮವ್ವ ಬಂದು ಆರಿಸಿದಳಂತೆ.

ಹದಿನಾಲ್ಕು ದಿನ ಕಳೆದವು. ಕರ್ಮಗಳು ಮುಗಿದವು. ಮಗಳು ಸಂಪದಾ ನಿನ್ನೆ ತನ್ನ ಊರಿಗೆ ಹೋದಳು. ಇಂದು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಪಂಢರೀನಾಥರು ಅಡುಗೆಮನೆಯಲ್ಲಿ ನಿಂತರು, ಪರವೂರಿನ ಛತ್ರದಲ್ಲಿ ನಿಂತವರ ಹಾಗೆ. ಡಬ್ಬಿಗಳ ಮೇಲೆ ಹೆಸರಿರಲಿಲ್ಲ. ಈ ಮನೆಯಲ್ಲಿ ಹೆಸರು ಓದಿ ಡಬ್ಬಿ ತೆಗೆಯಬೇಕಾದ ಮನುಷ್ಯ ತಾವೊಬ್ಬರೇ ಎಂದು ಈಗ ತಿಳಿಯಿತು.

ಚಹದ ಕಿಟ್ಲಿ ಒಲೆಯ ಮೇಲೆ ಹಾಗೇ ಇತ್ತು. ಹೊರಗೆ ಕಪ್ಪು. ಒಳಗೆ ಬೋರಿನ ನೀರು ವರುಷಗಟ್ಟಲೆ ಕಟ್ಟಿದ ಬಿಳಿ ಕಲ್ಲು.

"ಇದು ಹೋಗೂಹಂಗ ಏನರ ಹೇಳ್ರಿ, ಕೆಮಿಸ್ಟ್ರಿ ಮಾಸ್ತರು ನೀವು," ಎನ್ನುತ್ತಿದ್ದಳು ವಿಮಲಾಬಾಯಿ.

"ಕ್ಯಾಲ್ಸಿಯಂ ಕಾರ್ಬೊನೇಟ್. ವಿಷ ಅಲ್ಲ."

"ಹೆಸರು ಕೇಳಲಿಲ್ಲ ನಾ. ಹೋಗೂ ದಾರಿ ಕೇಳಿದೆ."

ನಾಲ್ಕು ವರ್ಷದಿಂದ ಅವಳು ಕೇಳುವುದನ್ನು ಬಿಟ್ಟಿದ್ದಳು. ವಿಷಯ ಅವಳಿಗೆ ಮನದಟ್ಟಾಯಿತೆಂದು ಅವರು ತಿಳಿದಿದ್ದರು.

ಇಂದು ಮಾಡಬೇಕು. ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಕೆಲಸ. ಹುಳಿ ಬೇಕು, ಸೂತ್ರ ಗೊತ್ತಿತ್ತು. ಹುಳಿ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ.

"ಮಾಸ್ತರ್ರ, ಹಾಲು!" ಹಿಂಬಾಗಿಲಲ್ಲಿ ಸೋಮವ್ವ.

"ಹುಣಸಿಹಣ್ಣು ಎಲ್ಲಿ ಅದನೋ..."

"ನಿಮ್ಮ ಮನ್ಯಾಗಿನ ಹುಣಸಿಹಣ್ಣು ನನ್ನ ಕೇಳ್ತೀರಲ್ರಿ! ಆ ಮಣ್ಣಿನ ಭರಣ್ಯಾಗ ನೋಡ್ರಿ." ಕಿಟ್ಲಿಯತ್ತ ಕತ್ತು ಚಾಚಿದಳು. "ಏನ್ ಮಾಡ್ತೀರಿ?"

"ತೊಳೀತೇನಿ."

"ಪೂರಾ ತಗೀಬ್ಯಾಡ್ರಿ. ಇದ್ದಷ್ಟು ಇರ್ಲಿ."

ಅರ್ಧ ಬಿಡುವುದು ಪಂಢರೀನಾಥರ ಜಾಯಮಾನವಲ್ಲ. ಹುಣಸೆಹಣ್ಣಿನ ನೀರು ಹಾಕಿ ಎರಡು ಸಲ ಕುದಿಸಿದರು. ಗುಳ್ಳೆ ಎದ್ದಿತು, ಪಾಠದಲ್ಲಿದ್ದಂತೆಯೇ ಎದ್ದಿತು. ತೆಂಗಿನ ನಾರಿನಿಂದ ತಿಕ್ಕಿದರು, ಚಮಚೆಯ ಹಿಡಿಯಿಂದ ಕೆರೆದರು. ಕಲ್ಲು ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಎರಡು ತಾಸಿಗೆ ಕಿಟ್ಲಿ ಹೊಸದರಂತೆ ಹೊಳೆಯಿತು. ಯಾರಿಗಾದರೂ ತೋರಿಸಬೇಕೆನಿಸಿತು. ಆ 'ಯಾರಿಗಾದರೂ' ಎಂಬಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟರು.

ಊರೆಲ್ಲ ಹಾಲು ಹಾಕಿ ಸೋಮವ್ವ ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದಳು.

"ಬಾ, ಚಹ ಕುಡದು ಹೋಗು," ಎಂದು ಕರೆದು ನೀರು ತುಂಬಿದರು. ಕೆಳಗಿನಿಂದ ಒಂದು ಹನಿ ಕಾಲ ಮೇಲೆ ಬಿತ್ತು. ಮತ್ತೊಂದು.

"ನಾ ಹೇಳಿದ್ದೆ," ಎಂದಳು ಸೋಮವ್ವ. "ನಾಕ ವರ್ಷದ ಹಿಂದನ ಸೋರಾಕ ಹತ್ತಿತ್ರಿ. ಅಕ್ಕಾರು ಅದನ್ನ ಹೊರಗ ಒಗೀಲಿಲ್ಲ. ಕಲ್ಲ ಕಟಗೊಂಡು ತೂತ ತಾನ ಮುಚ್ಚಿತು. 'ಮಾಸ್ತರಗ ಹೇಳಬ್ಯಾಡ, ಮತ್ತೊಂದು ಪಾಠ ಸುರು ಮಾಡ್ತಾರ' ಅಂದಿದ್ರು."

ಪಂಢರೀನಾಥರಿಗೆ ನಗು ಬಂತು. ಹದಿನಾಲ್ಕು ದಿನದಲ್ಲಿ ಮೊದಲನೆಯದು. ಕಣ್ಣಲ್ಲಿ ನೀರು ಬಂದದ್ದೂ ಆಗಲೇ.

ಚಹವನ್ನು ಬೋಗುಣಿಯಲ್ಲಿ ಕಾಸಿದರು. "ಸಕ್ಕರಿ ಅಂತ ಉಪ್ಪ ಸುರೀಬ್ಯಾಡ್ರಿ," ಎಂದು ಸೋಮವ್ವ ಬಾಗಿಲಲ್ಲೇ ಕೂತು ಹೇಳಿಕೊಟ್ಟಳು. ಒಂದು ಗುಟುಕು ಕುಡಿದು, "ಹೊಟ್ಟಿಗಿ ಹೋಗತೈತಿ," ಎಂದಳು. ಅಷ್ಟು ಸಾಕಾಯಿತು.

ವೈಶಾಖ ಬಂದಿತ್ತು, ಹಿತ್ತಲಲ್ಲಿ ತುಳಸಿ ಬಾಡಿತ್ತು. ಪ್ರತಿ ವೈಶಾಖದಲ್ಲಿ ವಿಮಲಾಬಾಯಿ, ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ತಂಬಿಗೆಯನ್ನು ಅದರ ಮೇಲೆ ತೂಗುಹಾಕಿ, ತಿಂಗಳಿಡೀ ಹನಿ ನೀರು ಬೀಳಿಸುತ್ತಿದ್ದಳು. ಹನ್ನೆರಡನೆಯ ದಿನ ಪಂಢರೀನಾಥರು ಆ ತಂಬಿಗೆಯನ್ನೂ ಪಾತ್ರೆಗಳ ಜೊತೆ ದಾನಕ್ಕೆ ಇಟ್ಟುಬಿಟ್ಟಿದ್ದರು. ತೂತು ನೋಡಿರಲಿಲ್ಲ. ದಾನ ಹಿಡಿದವರು ಮನೆಗೆ ಹೋಗಿ ನೀರು ತುಂಬಿದ ಮೇಲೆ ಏನಂದರೋ. ಕೊಕ್ಕೆ ಮಾತ್ರ ಉಳಿದಿತ್ತು.

ಕಿಟ್ಲಿಗೆ ಮತ್ತೆ ನೀರು ತುಂಬಿ, ಎತ್ತಿ ಕೊಕ್ಕೆಗೆ ಸಿಕ್ಕಿಸಿದರು.

"ಚಾದ ಕಿಟ್ಲಿ ತುಳಸವ್ವಗ ನಡೀತೈತೇನ್ರಿ?"

ನಡೆಯುವುದಿಲ್ಲ. ಮಡಿಗೆ ಸಲ್ಲದು, ಶಾಸ್ತ್ರಕ್ಕೆ ಸಲ್ಲದು. "ನನಗ ಗೊತ್ತಿಲ್ಲ," ಎಂದರು. ಜೀವಮಾನದಲ್ಲಿ ಈ ಮಾತು ಆಡಿದ ನೆನಪಿರಲಿಲ್ಲ. "ಆಕಿಗೆ ನಡೀತದ."

ಸೋಮವ್ವ ಲೋಟ ತೊಳೆದಿಟ್ಟು ಹೋದಳು.

ಹನಿ ಬಿತ್ತು. ಒಣ ಮಣ್ಣು ಹೀರಿತು. ಕಿಟ್ಲಿಯ ಮೂತಿ ಮನೆಯ ಕಡೆಗೆ ತಿರುಗಿತ್ತು, ಬಗ್ಗಿಸುವ ಕೈಗೆ ಕಾದಂತೆ. ಇದೇ ಬೋರಿನ ನೀರು. ಇಂದಲ್ಲ ನಾಳೆ ಕಲ್ಲು ಕಟ್ಟಿ ಈ ತೂತು ಮತ್ತೆ ಮುಚ್ಚುತ್ತದೆ. ಅದರ ಸೂತ್ರ ಅವರಿಗೆ ಗೊತ್ತಿತ್ತು. ಅಲ್ಲಿಯವರೆಗೆ ದಿನಾ ಬಂದು ತುಂಬಬೇಕು.

ಪಂಢರೀನಾಥರು ಕೈ ಜೋಡಿಸಿದರು. ಮಂತ್ರ ಬಾಯಿಗೆ ಬರಲಿಲ್ಲ. "ನಾರಾಯಣಾ, ಹೋದ ದಾರ್ಯಾಗ ಆಕಿಗೆ ನೀರಡಿಕಿ ಆಗದಿರ್ಲಿ. ಆಕಿ ತಣ್ಣಗಿರ್ಲಿ."