ಬಲಗಿವಿಯ ನೆಂಟ

ಸಂಗೀತ ಶಾಲೆಯ ದೊಡ್ಡ ಪಿಯಾನೊಗೆ ಶ್ರುತಿ ಕೂಡಿಸುವುದು ನನ್ನ ಕಸುಬು. ನನ್ನ ಕೂದಲು ಹಣ್ಣಾದದ್ದೂ ಅದರ ಮುಂದೆಯೇ. ಹೋದ ಚಳಿಗಾಲದಲ್ಲಿ ಬಲಗಿವಿಯೊಳಗೆ ಸಣ್ಣದೊಂದು ಸಿಳ್ಳೆ ಬಂದು ಬಿಡಾರ ಹೂಡಿತು. ಕಿವಿಯ ವೈದ್ಯರು ಇಣುಕಿ ನೋಡಿ, ಅಪಾಯವೇನಿಲ್ಲ, ನಿಲ್ಲಿಸುವ ಮದ್ದೂ ಇಲ್ಲ ಎಂದು ಮನೋಚಿಕಿತ್ಸಕಿಯೊಬ್ಬರ ಬಳಿಗೆ ಕಳುಹಿಸಿದರು.

"ಕಿವಿ ಕೆಟ್ರೆ ತಲೆ ರಿಪೇರಿನಾ?" ಎಂದು ಮನೆಗೆ ಬಂದು ಗೊಣಗಿದೆ.

"ಎರಡೂ ಒಂದೇ ಮನೇಲಿ ತಾನೇ ಇರೋದು, ಹೋಗಿ ಬನ್ನಿ," ಎಂದಳು ಹೆಂಡತಿ.

ಹೋಗದೆ ವಿಧಿಯಿರಲಿಲ್ಲ. ವಸಂತದ ಸಂಗೀತ ಕಾರ್ಯಕ್ರಮದ ಹೊತ್ತಿಗೆ ಶ್ರುತಿ ಕೂಡಿಸಲು ನನ್ನಿಂದಾಗದಿದ್ದರೆ ಬೇರೆಯವರನ್ನು ಕರೆಸುವುದಾಗಿ ಶಾಲೆಯ ಮುಖ್ಯಸ್ಥೆ ಹೇಳಿದ್ದರು. ಆ ತಂತಿಗಳಿಗೆ ಇನ್ನೊಂದು ಕೈ ತಾಗಬಾರದೆಂದು ಹೊರಟೆ.

ಚಿಕಿತ್ಸಕಿ ನನ್ನ ಮಗಳ ವಯಸ್ಸಿನವರು. "ಸಿಳ್ಳೆ ಕೇಳಿಸಿದಾಗ ಏನ್ಮಾಡ್ತೀರಿ?"

"ಸರಿಯಾಗಿ ಕೇಳ್ಲಿ ಅಂತ ಫ್ಯಾನ್ ಆರಿಸ್ತೀನಿ. ಶ್ರುತಿಕವೆ, ಅದೇ ಟ್ಯೂನಿಂಗ್ ಫೋರ್ಕ್, ತಟ್ಟಿ ಕಿವಿಗೆ ಹಿಡಿದು, ಇವತ್ತು ಏರಿದೆಯೋ ಇಳಿದಿದೆಯೋ ಅಂತ ಅಳೀತೀನಿ."

ಆಕೆ ನಗು ತಡೆದುಕೊಂಡರು. "ಅದಕ್ಕೂ ಶ್ರುತಿ ಹಿಡ್ಕೊಂಡು ಕೂತಿದ್ದೀರಾ ಸರ್? ಸಿಳ್ಳೆ ಇದ್ರೆ ಕೆಲಸ ಆಗಲ್ಲ ಅಂತ ನಿಮ್ಮ ಮನಸ್ಸು ಹೇಳ್ತಿದೆ. ನಿಜವಾ ಅಂತ ನೋಡೋಣ. ಮನೇಲಿ ಹಳೇ ಪಿಯಾನೊ ಇದೆ ಅಂದ್ರಲ್ಲ, ಅದಕ್ಕೆ ಶ್ರುತಿ ಕೂಡಿಸಿ. ಫ್ಯಾನ್ ತಿರುಗ್ತಾ ಇರಲಿ, ಅಳೆಯೋದು ಬೇಡ."

ಮನೆಯ ಪಿಯಾನೊಗೆ ಹೇಗೋ ಶ್ರುತಿ ಕೂಡಿಸತೊಡಗಿದೆ, ಆದರೆ ಅಳೆಯದಿರುವುದೇ ಕಷ್ಟವಾಯಿತು. ಒಮ್ಮೆ ಬಚ್ಚಲುಮನೆಯಲ್ಲಿ ಅಡಗಿ ಶ್ರುತಿಕವೆ ತಟ್ಟಿದೆ. ಹೊರಗಿನಿಂದ ಹೆಂಡತಿಯ ದನಿ: "ನೆಂಟ ಹೊರಟನಾ ಅಂತ ಗಳಿಗೆಗೊಂದ್ಸಲ ಬಾಗಿಲು ತೆಗೆದು ನೋಡಿದ್ರೆ, ಕರೀತಿದ್ದಾರೆ ಅಂತ ಅವನು ಮತ್ತೆ ಒಳಗೇ ಬರ್ತಾನೆ." ಇದನ್ನು ಕೇಳಿದ ಚಿಕಿತ್ಸಕಿ, "ಮುಂದಿನ ಸಲ ಅವರನ್ನೇ ಕಳ್ಸಿ, ನಾನು ರಜಾ ಹಾಕ್ತೀನಿ," ಎಂದರು.

ವಸಂತ ಬಂತು. ಶಾಲೆಯ ಸಭಾಂಗಣದಲ್ಲಿ ಮಂದ್ರದ ತಂತಿಗಳು ಸುಲಭವಾಗಿ ಒಲಿದವು. ಭಯವಿದ್ದದ್ದು ಬಲತುದಿಯದು, ಅಲ್ಲಿನ ತಾರಸ್ವರಗಳಿಗೂ ನನ್ನ ಸಿಳ್ಳೆಗೂ ಅಡ್ಡಗೋಡೆ ತೀರ ತೆಳುವು. ಸಿಳ್ಳೆ ಮೂಡಿತು. 'ಬಂದೆಯಾ, ಕೂತಿರು' ಎಂದು ಒಳಗೇ ಹೇಳಿ ತಂತಿ ಬಿಗಿಯುವ ಕೀಲನ್ನು ಕೂದಲೆಳೆಯಷ್ಟು ತಿರುಗಿಸಿದೆ. ಒಂದೇ ಸ್ವರದ ಎರಡು ತಂತಿಗಳು ಕೂಡದಿದ್ದಾಗ ಕೇಳುವ ದನಿಯ ತೂಗಾಟ ನಿಧಾನಿಸಿತು, ಇನ್ನೂ ನಿಧಾನಿಸಿತು. ಮಕ್ಕಳು ಇಳಿದುಹೋದ ಸಂಜೆಯ ಉಯ್ಯಾಲೆಯಂತೆ ನಿಂತಿತು. ಸಿಳ್ಳೆ ಅದರ ಪಾಡಿಗೆ ಅದಿತ್ತು, ನಾನು ನನ್ನ ಪಾಡಿಗೆ.

ಮುಖ್ಯಸ್ಥೆ ಕೊನೆಯ ಸ್ವರದವರೆಗೂ ನುಡಿಸಿ ನೋಡಿ, "ಮುಂದಿನ ವರ್ಷಕ್ಕೂ ನೀವೇ," ಎಂದರು.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದಳು: "ಹೋದನಾ ನಿಮ್ಮ ನೆಂಟ?"

"ಇದ್ದಾನೆ. ಕಾರ್ಯಕ್ರಮಕ್ಕೆ ಅವನನ್ನೂ ಕರ್ಕೊಂಡು ಹೋಗೋಣ."

"ಟಿಕೆಟ್ ಅವನೇ ತಗೊಳ್ಲಿ," ಎಂದು ಅವಳು ಒಳಗೆ ಹೋದಳು.