ಹದಿನೇಳನೆಯ ಸುತ್ತು

ಓಟದ ಕೊನೆಯ ಗೆರೆ ದಾಟಿ ಕಡ್ಡಿ ಎಂಬ ಹುಡುಗಿ ಇನ್ನೇನು ಕಾಲು ಸಡಿಲ ಬಿಡಬೇಕು, ಅಷ್ಟರಲ್ಲಿ ಬಿಳಿ ಟೋಪಿಯ ಅಧಿಕಾರಿಯೊಬ್ಬ ಅಡ್ಡ ಬಂದು ಕೈ ಬೀಸಿದ. "ನಿಲ್ಲಬೇಡ, ನಿನಗೆ ಇನ್ನೊಂದು ಸುತ್ತಿದೆ."

ಅವಳಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. ಹತ್ತು ಸಾವಿರ ಮೀಟರ್ ಓಟಕ್ಕೆ ಈ ಮೈದಾನದಲ್ಲಿ ಇಪ್ಪತ್ತೈದು ಸುತ್ತು. ಇಪ್ಪತ್ತೈದನ್ನೂ ಅವಳು ಒಂದೊಂದಾಗಿ ಎಣಿಸಿಕೊಂಡೇ ಓಡಿದ್ದಳು. ಮೂರು ವರ್ಷದಿಂದ ಯಾರಿಗೂ ಬಗ್ಗದ ಚಾಂಪಿಯನ್ನನ್ನು ಹನ್ನೆರಡನೆಯ ಸುತ್ತಿನಲ್ಲಿ ಹಿಂದೆ ಹಾಕಿದವಳು ಮತ್ತೆ ತಿರುಗಿ ನೋಡಿರಲಿಲ್ಲ. ಕೊನೆಯ ಸುತ್ತಿಗೆ ಗಂಟೆ ಬಾರಿಸುವುದು ವಾಡಿಕೆ. ಅವಳಿಗೆ ಬಾರಿಸಲಿಲ್ಲ. ಅವಳು ಆಚೆ ತಿರುವಿಗೆ ಹೋದ ಮೇಲೆ ಹಿಂದೆಲ್ಲೋ ಗಂಟೆ ಬಡಿದದ್ದು ಕೇಳಿ, ಇದೇನು ಇವರ ಅಧ್ವಾನ ಎಂದುಕೊಂಡಿದ್ದಳು ಅಷ್ಟೆ.

ನಿಂತು ವಾದಿಸಿದರೆ ಓಟ ಬಿಟ್ಟಳು ಎಂದು ಬರೆದುಕೊಳ್ಳುತ್ತಾರೆ. ಓಡಿದರೆ ಅವರ ಲೆಕ್ಕವೇ ಸರಿ ಎಂದು ಒಪ್ಪಿಕೊಂಡ ಹಾಗೆ. ಯೋಚನೆ ಮಾಡುತ್ತ ನಿಲ್ಲಲು ಪುರಸತ್ತಿರಲಿಲ್ಲ. ಓಡಿದಳು. ಸುಮ್ಮನೆ ಓಡಲಿಲ್ಲ, ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಕಸುವಿಗೆ ಸಿಟ್ಟನ್ನೂ ಸೇರಿಸಿ, ಆ ದಿನದ ಯಾವ ಸುತ್ತನ್ನೂ ಓಡದಷ್ಟು ಜೋರಾಗಿ ಓಡಿದಳು. ಆಚೆ ಮಗ್ಗುಲಲ್ಲಿದ್ದಾಗ ಈಚೆ ಚಪ್ಪಾಳೆ ಎದ್ದಿತು. ತಿರುಗಿದರೆ ಚಾಂಪಿಯನ್ ಎದೆಗೆ ರಿಬ್ಬನ್ ಸುತ್ತಿಕೊಂಡು ಎರಡೂ ಕೈ ಮೇಲೆತ್ತಿದ್ದಳು.

ಧ್ವನಿವರ್ಧಕ ಮೊದಲನೆಯ ಸ್ಥಾನವನ್ನು ಚಾಂಪಿಯನ್ನಿಗೆ ಕೊಟ್ಟಿತು. ಎರಡನೆಯದು ನಲವತ್ತೊಂದನೇ ನಂಬರಿನ ಹುಡುಗಿಗೆ, ಮೂವತ್ತನಾಲ್ಕು ನಿಮಿಷ ಇಪ್ಪತ್ತೈದು ಸೆಕೆಂಡು. ಆ ನಂಬರು ಕಡ್ಡಿಯ ಬೆನ್ನ ಮೇಲಿತ್ತು.

ಕಡ್ಡಿ ಎಂದು ಹೆಸರಿಟ್ಟವರು ಲಾಂಡ್ರಿಯ ಹೆಂಗಸರು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಗೆ ಅವಳು ಅಮ್ಮನ ಹಿಂದೆ ಕೆಲಸಕ್ಕೆ ಬಂದಾಗ ಹದಿನೇಳು ವರ್ಷ. ಒದ್ದೆ ಹಾಸಿಗೆಬಟ್ಟೆಯನ್ನು ಎತ್ತಿದರೆ ಹುಡುಗಿ ಕಾಣುತ್ತಿರಲಿಲ್ಲ, ಬಟ್ಟೆಯೇ ನಡೆದು ಬರುತ್ತಿತ್ತು. ಈಗ ಹತ್ತೊಂಬತ್ತು. ಅಮ್ಮನೂ ಕಡ್ಡಿ ಎಂದೇ ಕರೆಯುತ್ತಾಳೆ. ಇಸ್ತ್ರಿ ಆದ ಹಾಸಿಗೆಬಟ್ಟೆಗಳನ್ನು ಮಡಿಸಿ ಇಪ್ಪತ್ತೈದಕ್ಕೆ ಒಂದರಂತೆ ಕಟ್ಟು ಕಟ್ಟುವುದು ಅವಳ ಕೆಲಸ. ಕಟ್ಟಿನಲ್ಲಿ ಒಂದು ಕಡಿಮೆ ಬಿದ್ದರೆ ವಾರ್ಡಿನ ನರ್ಸಮ್ಮ ಇಡೀ ಗಾಡಿಯನ್ನೇ ವಾಪಸು ಅಟ್ಟುತ್ತಾಳೆ. ಎರಡು ವರ್ಷದಲ್ಲಿ ಕಡ್ಡಿಯ ಕಟ್ಟು ಒಂದೂ ವಾಪಸು ಬಂದಿಲ್ಲ. ಅವಳು ಮಾತಾಡುತ್ತ, ನಗುತ್ತ, ತೂಕಡಿಸುತ್ತ ಎಣಿಸಿದರೂ ಕೈ ಇಪ್ಪತ್ತೈದಕ್ಕೆ ತಾನಾಗಿ ನಿಲ್ಲುತ್ತಿತ್ತು.

ಕೈಗೆ ಬಂದದ್ದು ಕಾಲಿಗೆ ಬರುವುದಿಲ್ಲವೆ?

ಲಾಂಡ್ರಿಯ ವ್ಯಾನ್ ಓಡಿಸುವ ಮಾವ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಅವಳ ತರಬೇತುದಾರ. ಬೆಳಗಿನ ಮೊದಲ ಲೋಡಿಗೆ ಮುಂಚೆ ಖಾಲಿ ವ್ಯಾನನ್ನು ಅವಳ ಹಿಂದೆ ಬಿಟ್ಟುಕೊಂಡು, ನಿಧಾನವಾದರೆ ಹಾರ್ನ್ ಹೊಡೆದು ಓಡಿಸಿದ್ದೇ ತರಬೇತಿ. ಇವತ್ತು ಅವರು ಮೆಟ್ಟಿಲ ಮೇಲೆ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಕಡ್ಡಿ ಏದುಸಿರು ಬಿಡುತ್ತ ಬಂದಾಗ ಅಂಗೈಯಲ್ಲಿ ಮುಚ್ಚಿ, ಕದ್ದ ಮಾಲು ತೋರಿಸುವವರಂತೆ ವಾಚು ತೋರಿಸಿದರು. ಇಪ್ಪತ್ತೈದಕ್ಕೇ ನಿಲ್ಲಿಸಿದ್ದರು. ಮೂವತ್ತಮೂರು ನಿಮಿಷ ಹನ್ನೊಂದು ಸೆಕೆಂಡು.

ದೊಡ್ಡ ಚಾಂಪಿಯನ್‌ಷಿಪ್ಪಿಗೆ ಹೋಗಬೇಕಾದರೆ ಮೂವತ್ತಮೂರು ಇಪ್ಪತ್ತರೊಳಗೆ ಮುಗಿಸಬೇಕು. ಚಾಂಪಿಯನ್ ಆ ಗಡಿಯನ್ನು ಹೋದ ತಿಂಗಳೇ ದಾಟಿದ್ದಳು. ಕಡ್ಡಿ ಇವತ್ತಿನವರೆಗೆ ಅದರ ಹತ್ತಿರಕ್ಕೂ ಸುಳಿದವಳಲ್ಲ. ಹಿಂದಿನ ಓಟಕ್ಕಿಂತ ಇವತ್ತು ಒಂದು ನಿಮಿಷ ಕಡಿಮೆ. ಈ ವರ್ಷ ದೇಶದಲ್ಲೆಲ್ಲ ಇದಕ್ಕಿಂತ ಬೇಗ ಓಡಿದವರು ಇಬ್ಬರೇ ಎಂದು ಮಾವ ಲೆಕ್ಕ ಹಾಕಿಟ್ಟಿದ್ದರು. ಅಂದರೆ ಪದಕ ಕೈಗೆಟುಕುವ ದೂರದಲ್ಲಿತ್ತು. ಅಷ್ಟು ಹೇಳಿ ಮಾವ ವಾಚನ್ನು ಜೇಬಿಗೆ ಇಳಿಸಿಬಿಟ್ಟರು.

"ಬಿಡು ಕಡ್ಡಿ. ಎರಡನೇದು ಅಂದ್ರೂ ಸಣ್ಣದೇನಲ್ಲ. ಮುಂದಿನ ವರ್ಷ ನೋಡೋಣ."

ಆಕ್ಷೇಪಣೆ ಕೊಡಲು ಅರ್ಧ ಗಂಟೆ ಇತ್ತು, ತರಬೇತುದಾರನ ಸಹಿ ಬೇಕಿತ್ತು. ಮುಖ್ಯ ತೀರ್ಪುಗಾರರೆಂದರೆ ಮಾವನಿಗೆ ಹೆದರಿಕೆ. ಮೈದಾನದ ಗೇಟು ಯಾರಿಗೆ ತೆರೆಯಬೇಕು, ಯಾರ ಅರ್ಜಿ ಮೇಲೆ ಹೋಗಬೇಕು, ಎಲ್ಲ ಅವರ ಕೈಯಲ್ಲೇ. ಇಪ್ಪತ್ತು ವರ್ಷದಲ್ಲಿ ಅವರ ಮೈದಾನದಲ್ಲಿ ಒಂದು ಆಕ್ಷೇಪಣೆಯೂ ಗೆದ್ದಿಲ್ಲ ಎಂಬುದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅಂಥವರನ್ನು ಎದುರು ಹಾಕಿಕೊಂಡು ಲಾಂಡ್ರಿಯವರು ಬದುಕುವುದುಂಟೆ ಎಂಬುದು ಮಾವನ ವಾದ.

ಕಡ್ಡಿ ಶೂ ಲೇಸು ಬಿಚ್ಚುತ್ತಿದ್ದವಳು ಮತ್ತೆ ಕಟ್ಟಿದಳು.

"ನೀವು ಓಡ್ತಿದ್ದ ಕಾಲಕ್ಕೆ ನಿಮ್ಮನ್ನ ಟೀಮಿಂದ ಕೈ ಬಿಟ್ರಲ್ಲ ಮಾವ, ಆಗ್ಲೂ ಮುಂದಿನ ವರ್ಷ ಅಂದಿದ್ರಂತೆ. ಆ ಮುಂದಿನ ವರ್ಷ ಯಾವಾಗ ಬಂತು?"

ಈ ಮಾತು ಆಡಬಾರದಿತ್ತು. ಮಾವನ ಮುಖ ಇಷ್ಟೇ ಇಷ್ಟಾಯಿತು. ಅವರು ಪೆನ್ನು ತೆಗೆದು ಆಕ್ಷೇಪಣೆಯ ಕಾಗದಕ್ಕೆ ಸಹಿ ಹಾಕಿದರು. ಒಳಗೆ ಮಾತ್ರ ಬರುವುದಿಲ್ಲ ಎಂದರು. ಬರುವುದಿಲ್ಲ ಎಂದವರು ನಾಲ್ಕು ಹೆಜ್ಜೆ ಬಿಟ್ಟು ಹಿಂದೆಯೇ ಬಂದರು.

ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಸುಣ್ಣದ ಪುಡಿಯ ಚೀಲಗಳು, ಸುರುಳಿ ಸುತ್ತಿದ ಬಾವುಟಗಳು, ಒಂದು ಮುರುಕು ಹರ್ಡಲ್ ಇದ್ದವು. ಮುಖ್ಯ ತೀರ್ಪುಗಾರರು ಚಹಾ ಕುಡಿಯುತ್ತಿದ್ದರು. ಕಾಗದ ಓದಿ ನಕ್ಕರು. ಆಯಾಸದಲ್ಲಿ ಓಡುವವರಿಗೆ ಲೆಕ್ಕ ತಪ್ಪುವುದು ಸಹಜ, ಅದಕ್ಕೇ ಒಬ್ಬೊಬ್ಬರ ಸುತ್ತು ಎಣಿಸಲು ಒಬ್ಬೊಬ್ಬರನ್ನು ಕೂರಿಸಿರುವುದು ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ಅವರ ಹಿಂದಿನ ಬೆಂಚಿನಲ್ಲಿ ಎಣಿಸುವವರು ಕೂತಿದ್ದರು, ಎಲ್ಲ ಶಾಲೆಗಳಿಂದ ಕರೆಸಿದ ಟೀಚರುಗಳು. ಕಡ್ಡಿಯ ಪಾಲಿಗೆ ಬಂದಿದ್ದವರು ಕನ್ನಡಕದ ಹೊಲಿಗೆ ಟೀಚರು. ಅವರು ಮಡಿಲಲ್ಲಿದ್ದ, ಸುತ್ತಿನ ಹಾಳೆ ಸಿಕ್ಕಿಸಿದ ರಟ್ಟನ್ನೇ ನೋಡುತ್ತಿದ್ದರು.

"ನನ್ನ ಹಾಳೆ ನೋಡ್ಬೇಕು ಸರ್," ಎಂದಳು ಕಡ್ಡಿ.

ಹಾಳೆ ತೋರಿಸುವ ಪದ್ಧತಿ ಇಲ್ಲ ಎಂದರು ಅವರು. ನಿಯಮದಲ್ಲಿ ಇದೆ ಎಂದಳು ಇವಳು. ಇದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ; ಬಾಯಿಗೆ ಬಂತು, ಹೇಳಿಬಿಟ್ಟಳು. ಆದರೆ ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಅವರಿಗೇ ಅನುಮಾನ ಬಂದಿರಬೇಕು. ಹಾಳೆ ಮೇಜಿಗೆ ಬಂತು.

ಪ್ರತಿ ಸುತ್ತಿಗೆ ಒಂದು ಸಾಲು, ಪ್ರತಿ ಸಾಲಿನಲ್ಲಿ ಆ ಸುತ್ತು ಮುಗಿದಾಗ ಗಡಿಯಾರ ತೋರಿಸಿದ ಹೊತ್ತು, ಅದರ ಪಕ್ಕ ಆ ಸುತ್ತೊಂದಕ್ಕೆ ಹಿಡಿದ ಹೊತ್ತು, ಪೆನ್ಸಿಲಿನಲ್ಲಿ, ಹೊಲಿಗೆ ಹಾಕಿದಷ್ಟು ಚೊಕ್ಕವಾಗಿ. ಕಡ್ಡಿ ಬೆರಳಿಟ್ಟುಕೊಂಡು ಇಳಿಯುತ್ತ ಬಂದಳು. ಒಂದು ನಿಮಿಷ ಇಪ್ಪತ್ತು ಸೆಕೆಂಡು, ಒಂದು ಹತ್ತೊಂಬತ್ತು, ಮತ್ತೆ ಒಂದು ಇಪ್ಪತ್ತು. ಹದಿನಾರರವರೆಗೆ ಎಲ್ಲವೂ ಒಂದೇ ಅಳತೆ. ಹದಿನೇಳನೆಯದರಲ್ಲಿ ಬೆರಳು ನಿಂತಿತು.

"ಇದೊಂದು ಸುತ್ತಿಗೆ ಎರಡು ನಿಮಿಷ ಮೂವತ್ತೊಂಬತ್ತು ಸೆಕೆಂಡ್ ಬರ್ದಿದೆ. ಇದು ಒಂದಲ್ಲ ಸರ್, ಎರಡು ಸುತ್ತು. ಮಧ್ಯದ್ದು ಬರೆದಿಲ್ಲ."

ಮುಖ್ಯ ತೀರ್ಪುಗಾರರು ಹಾಳೆಯನ್ನು ಹತ್ತಿರ ಎಳೆದುಕೊಂಡರು. ಅವರು ಲೆಕ್ಕ ಬಾರದವರಲ್ಲ. ಅರ್ಥವಾಯಿತು ಎಂಬುದು ಮುಖದಲ್ಲೇ ಕಂಡಿತು; ಅರ್ಥವಾದದ್ದಕ್ಕೇ ಸಿಟ್ಟು ಬಂತು. ಆ ಸುತ್ತಿನಲ್ಲಿ ನಿನಗೆ ಕಾಲು ಹಿಡಿದಿರಬೇಕು, ನಡೆದಿರಬೇಕು, ಓಟದ ಗುಂಗಿನಲ್ಲಿ ನೆನಪಿಲ್ಲ ಅಷ್ಟೆ ಎಂದರು.

"ನಾನು ನಡೆದಿದ್ರೆ ಎಲ್ಲರೂ ನನ್ನ ದಾಟಿ ಹೋಗಿರ್ಬೇಕಲ್ಲ ಸರ್. ದಾಟಿದವರಲ್ಲಿ ಒಬ್ಬರನ್ನ ಕರೆಸಿ. ಒಬ್ಬರು ಸಾಕು."

ಮುಖ್ಯ ತೀರ್ಪುಗಾರರು ಕುರ್ಚಿ ತಿರುಗಿಸಿ, ಎಣಿಸಿದವರನ್ನೇ ಕೇಳೋಣ ಎಂದರು. ಕೇಳಿದ ಧಾಟಿಯಲ್ಲೇ ಎಂಥ ಉತ್ತರ ಬರಬೇಕು ಎಂಬುದೂ ಇತ್ತು. "ಟೀಚರ್, ನೀವು ಸರಿಯಾಗೇ ನೋಡಿದ್ದೀರಿ ತಾನೆ?"

ಹೊಲಿಗೆ ಟೀಚರು ಎದ್ದು ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುವುದು ಮುಗಿಯುವಂತೆಯೇ ಕಾಣಲಿಲ್ಲ.

"ಚಾಂಪಿಯನ್ ಬರ್ತಿದ್ಲು ಸರ್. ಎಲ್ಲರೂ ಎದ್ದು ಚಪ್ಪಾಳೆ ಹೊಡೀತಿದ್ರು, ನಾನೂ ಎದ್ದೆ. ಈ ಹುಡುಗಿ ಅದಕ್ಕೆ ಮುಂಚೆನೇ ಗೆರೆ ದಾಟಿದ್ಲು, ಒಂದು ಸುತ್ತು ಹಿಂದೆ ಬಿದ್ದವರ ಗುಂಪಿನ ಜೊತೆ. ಇವಳೂ ಹಿಂದೆ ಬಿದ್ದವಳೇ ಇರ್ಬೇಕು, ಆಮೇಲೆ ಬರೆದ್ರಾಯ್ತು ಅಂತ..." ಅವರು ಕಡ್ಡಿಯ ಕಡೆ ತಿರುಗಿದರು. "ಲಾಂಡ್ರಿ ಹುಡುಗಿ ಅಷ್ಟು ಮುಂದೆ ಇರ್ತಾಳೆ ಅಂತ ನನಗೆ ಹೊಳೀಲೇ ಇಲ್ಲಮ್ಮ. ಕೈಯಲ್ಲಿ ಪೆನ್ಸಿಲ್ ಇತ್ತು, ನಾನು ಬರೀಲಿಲ್ಲ."

ಕಡ್ಡಿಗೆ ಅಳು ಬಂತು. ಸೋತಾಗ ಬಾರದ ಅಳು, ಕೈ ಬೀಸಿ ಓಡು ಎಂದಾಗಲೂ ಬಾರದ ಅಳು, ಈ ಹೆಂಗಸಿನ ನಿಜಕ್ಕೆ ಬಂತು. ಹೊಳೆಯಲೇ ಇಲ್ಲ ಎಂಬುದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅಳುವುದನ್ನು ಇವರಿಗೆ ತೋರಿಸಬಾರದು ಎಂದು ಹಲ್ಲು ಕಚ್ಚಿ ಸುಣ್ಣದ ಚೀಲಗಳನ್ನು ನೋಡುತ್ತ ನಿಂತಳು.

ಮೊದಲ ಸ್ಥಾನ ಕೊಟ್ಟರು. ಕೊಡದೆ ವಿಧಿಯಿರಲಿಲ್ಲ. ಆದರೆ ಹೊತ್ತಿನ ವಿಷಯಕ್ಕೆ ಬಂದಾಗ ಮುಖ್ಯ ತೀರ್ಪುಗಾರರು ಜಗ್ಗಲಿಲ್ಲ. ಅದೇ ಹಾಳೆಯಲ್ಲಿ, ಇವಳ ನಿಜವಾದ ಇಪ್ಪತ್ತೈದನೆಯ ಸುತ್ತಿನ ಎದುರು ಮೂವತ್ತಮೂರು ಹನ್ನೊಂದು ಎಂದು ಬರೆದೇ ಇತ್ತು. ಪೆನ್ಸಿಲಿನಲ್ಲಿ ಬರೆದದ್ದನ್ನು ಮೇಲಿನವರು ಆಯ್ಕೆಗೆ ಒಪ್ಪುವುದಿಲ್ಲ, ಗಡಿಯಾರ ನಿಲ್ಲಿಸಿದ್ದು ಮೂವತ್ತನಾಲ್ಕು ಇಪ್ಪತ್ತೈದಕ್ಕೆ, ಅದೇ ಉಳಿಯುತ್ತದೆ ಎಂದರು. ಹದಿನೈದು ದಿನ ಬಿಟ್ಟು ಕೊನೆಯ ಆಯ್ಕೆ ಓಟವಿದೆ. ಅಷ್ಟು ಚೆನ್ನಾಗಿ ಓಡುವವಳಾದರೆ ಅಲ್ಲಿ ಬಂದು ಓಡಲಿ, ಬೇಡ ಎಂದವರು ಯಾರು?

ಅಲ್ಲಿಯವರೆಗೆ ಬಾಗಿಲಿಗೆ ಆತುಕೊಂಡಿದ್ದ ಮಾವ ಒಳಗೆ ಬಂದುಬಿಟ್ಟರು. "ಹತ್ತು ಕಿಲೋಮೀಟರ್ ಅಂದ್ರೆ ತಮಾಷೆನಾ ಸರ್? ನಿಮ್ಮ ತಪ್ಪಿಗೆ ಇವಳ ಕಾಲು ಮುರೀಬೇಕಾ?" ಎಂದರು. ಎಂದ ಮೇಲೆ ತಾವೇ ಬೆಚ್ಚಿಬಿದ್ದವರಂತೆ ಸುತ್ತ ನೋಡಿದರು. ಕಡ್ಡಿ ಅವರ ತೋಳು ಹಿಡಿದಳು.

"ಬರ್ತೀನಿ ಸರ್," ಎಂದಳು. "ನನ್ನ ಸುತ್ತು ಎಣಿಸೋಕೆ ಈ ಟೀಚರನ್ನೇ ಕೂರಿಸಿ."

ಹದಿನೈದು ದಿನ ಲಾಂಡ್ರಿಯಲ್ಲಿ ಅವಳಿಗೆ ಯಾರೂ ಒದ್ದೆ ಬಟ್ಟೆ ಎತ್ತಲು ಬಿಡಲಿಲ್ಲ. ಅಮ್ಮ ಮಾತ್ರ ಗೊಣಗಿದಳು: ಗೆದ್ದದ್ದನ್ನೇ ಮತ್ತೆ ಗೆಲ್ಲಬೇಕಂತೆ, ಒಗೆದದ್ದನ್ನು ಮತ್ತೆ ಒಗೆ ಅಂದರೆ ನಾವು ಒಗೆಯುತ್ತೇವೆಯೆ? ಹಾಗೆ ಗೊಣಗುತ್ತಲೇ ರಾತ್ರಿ ಊಟವಾದ ಮೇಲೆ ಮಗಳ ಮೀನಖಂಡಕ್ಕೆ ಎಣ್ಣೆ ಹಾಕಿ ತಿಕ್ಕಿದಳು. ಎಡಗಾಲು ಹತ್ತು ದಿನ ನೋಯುತ್ತಲೇ ಇತ್ತು. ಕಡ್ಡಿ ಅದನ್ನು ಮಾವನಿಗೆ ಹೇಳಲಿಲ್ಲ, ಮಾವನಿಗೆ ಅದು ಗೊತ್ತಾಗದೆಯೂ ಇರಲಿಲ್ಲ. ವ್ಯಾನಿನ ಹಾರ್ನ್ ಒಂದು ದಿನವೂ ಮೊಳಗಲಿಲ್ಲ.

ಆಯ್ಕೆ ಓಟದ ದಿನ ಬಿಸಿಲು ಕಡಿಮೆ, ಗಾಳಿ ಹೆಚ್ಚು. ಚಾಂಪಿಯನ್ ಬಂದಿರಲಿಲ್ಲ, ಅವಳಿಗೆ ಬರುವ ಅಗತ್ಯವೂ ಇರಲಿಲ್ಲ. ಹೀಗಾಗಿ ಎಂಟನೆಯ ಸುತ್ತಿನಿಂದ ಕಡ್ಡಿಯ ಮುಂದೆ ಓಡುವವರು ಯಾರೂ ಇರಲಿಲ್ಲ, ಬೆನ್ನಿಗೂ ಯಾರೂ ಇರಲಿಲ್ಲ. ಪ್ರತಿ ಸಲ ಆಚೆ ಮಗ್ಗುಲಿನ ನೇರ ದಾರಿಗೆ ಬಂದಾಗ ಗಾಳಿ ಎದೆಗೆ ಕೈಯಿಟ್ಟು ತಳ್ಳಿತು. ಹದಿನೈದಕ್ಕೆ ಮೀನಖಂಡ ಎಚ್ಚರವಾಯಿತು. ನಿಲ್ಲಿಸಿಬಿಡು ಎಂದು ಮೈಯೆಲ್ಲ ಒಂದೇ ಬಾಯಿಂದ ಹೇಳುತ್ತಿತ್ತು, ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಗೆರೆಯ ಪಕ್ಕದ ಮೇಜಿನಲ್ಲಿ ಹೊಲಿಗೆ ಟೀಚರು ಈ ಸಲ ಕೂತೇ ಇರಲಿಲ್ಲ. ಪೆನ್ನು ಹಿಡಿದು ನಿಂತು, ಇವಳು ದಾಟುವಾಗಲೆಲ್ಲ ಸುತ್ತಿನ ಸಂಖ್ಯೆಯನ್ನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. ಹದಿನಾರು. ಹದಿನೇಳು. ಹದಿನೆಂಟು. ಒಂದೊಂದು ಕೂಗಿಗೂ ಕಡ್ಡಿಗೆ ಸಿಟ್ಟು ಬರುತ್ತಿತ್ತು, ಒಂದೊಂದು ಸಿಟ್ಟಿಗೂ ಕಾಲು ಏಳುತ್ತಿತ್ತು. ಗಂಟೆ ಅವಳು ಗೆರೆಯ ಮೇಲಿದ್ದಾಗಲೇ ಬಡಿಯಿತು.

ಮೂವತ್ತಮೂರು ನಿಮಿಷ ನಾಲ್ಕು ಸೆಕೆಂಡು ಎಂದಿತು ಧ್ವನಿವರ್ಧಕ. ಮೆಟ್ಟಿಲ ಮೇಲೆ ಲಾಂಡ್ರಿಯ ಹೆಂಗಸರು ಎದ್ದರು. ಮಾವ ಎಲ್ಲಿಗೆ ಓಡುತ್ತಿದ್ದೇನೆಂದು ತಿಳಿಯದೆ ಅತ್ತಿಂದಿತ್ತ ಓಡಿದರು. ಪತ್ರಿಕೆಯವನೊಬ್ಬ ಪದಕದ ಬಗ್ಗೆ ಕೇಳಲು ಬಂದ. ಅವನಿಗಿಂತ ಮುಂಚೆ ಮುಖ್ಯ ತೀರ್ಪುಗಾರರೇ ಬಂದು, ನಮ್ಮ ಮೈದಾನದ ಹುಡುಗಿ, ಪದಕ ತಂದೇ ತರುತ್ತಾಳೆ ಎಂದು ಅವನಿಗೆ ಬರೆಸಿದರು. ಆಮೇಲೆ ಫೋಟೋಕ್ಕೆ ನಗುತ್ತ ಅವಳ ಕಡೆ ಕೈ ಚಾಚಿದರು.

ಕಡ್ಡಿ ಆ ಕೈಯನ್ನು ದಾಟಿಕೊಂಡು ಮೇಜಿನ ಹತ್ತಿರ ಹೋದಳು. ನಿಲ್ಲಲಾಗದೆ ಮೇಜಿನ ಅಂಚು ಹಿಡಿದಳು. ಟೀಚರು ಏನೂ ಕೇಳದೆ ಹಾಳೆಯನ್ನು ಅವಳತ್ತ ತಿರುಗಿಸಿದರು. ಕಡ್ಡಿ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. ಗದ್ದದಿಂದ ಬೆವರು ಹಾಳೆಗೆ ಬೀಳದಂತೆ ಟೀಚರು ಅಂಗೈ ಅಡ್ಡ ಹಿಡಿದರು. ಮುಖ್ಯ ತೀರ್ಪುಗಾರರು ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕದಲ್ಲೇ ನಿಂತಿದ್ದರು, ಕ್ಯಾಮೆರಾ ಹಿಡಿದವನೂ ನಿಂತಿದ್ದ. ಅವಳ ಬೆರಳು ಇನ್ನೂ ಒಂಬತ್ತನೆಯ ಸಾಲಿನಲ್ಲಿತ್ತು.